ದೂರದ ಅಂಬಿಗೆ ಖಾನಾಪುರದ ಬಿದಿರು

(ಬೆಳಗಾವಿಯ ರವಿವಾರ ಪೇಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ವಿಷಯ ಯಾವುದೇ ಇರಲಿ, ಅದರಲ್ಲಿ ಈ ಸೀಮೆಯ ಒಂದು ಕೈಕಸುಬು ಬರಬೇಕು ಎಂಬುದು ಈ ದತ್ತಿಯ ಕರಾರು. ನಾನು ಬಿಲ್ಲು ಬಾಣದ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಿಲ್ಲುಗಾರಿಕೆ ಬೆಳಗಾವಿಯ ಕಸುಬು ಯಾವಾಗ ಆಯಿತು ಎಂಬುದು ಅವರ ತಕರಾರು. ಆಗಿಲ್ಲ, ಒಪ್ಪಿದೆ. ಆದರೆ ಅಂಬಿನ ಕಡ್ಡಿ ಆರಿಸುವುದು ಬಿದಿರು ಬಲ್ಲವರ ಕೆಲಸ. ಬಿದಿರು ಬಲ್ಲ ಖಾನಾಪುರದ ಮೇದಾರರು ಇಲ್ಲಿಂದ ಒಂದು ಗಂಟೆಯ ದಾರಿಯಲ್ಲಿದ್ದಾರೆ, ಇವತ್ತು ಮುಂದಿನ ಸಾಲಿನಲ್ಲೇ ಕೂತಿದ್ದಾರೆ.

ವಿಷಯ ತೀರ ಚಿಕ್ಕದು. ಮರ, ಬಿದಿರು, ಕೊಂಬು, ನರ ಇವುಗಳಿಂದ ಹಿಂದಿನವರು ಮಾಡುತ್ತಿದ್ದಂಥ ಬಿಲ್ಲೊಂದು ನಿಮ್ಮ ಕೈಯಲ್ಲಿದೆ. ಅದರಿಂದ ಅಂಬನ್ನು ಎಷ್ಟು ದೂರ ಸಾಧ್ಯವೋ ಅಷ್ಟು ದೂರ ಹಾರಿಸಬೇಕು. ಎದುರಿಗೆ ಗುರಿಯಿಲ್ಲ, ಬಣ್ಣದ ವೃತ್ತವಿಲ್ಲ, ಅಂಕವಿಲ್ಲ. ಅಂಬು ಎಲ್ಲಿ ನೆಲಕ್ಕೆ ಬಿತ್ತು ಎಂಬುದಷ್ಟೇ ಲೆಕ್ಕ. ಅಂಥ ಅಂಬನ್ನು ಯಾವುದರಿಂದ ಮಾಡಬೇಕು?

ಈ ಆಟವನ್ನು ಶಾಸ್ತ್ರದ ಮಟ್ಟಕ್ಕೆ ಒಯ್ದವರು ತುರ್ಕರು. ಇಸ್ತಾಂಬುಲ್ ನಗರದ ಓಕ್‌ಮೈದಾನ್ ಎಂಬ ಬಯಲು ಇದಕ್ಕೆಂದೇ ಮೀಸಲಾಗಿತ್ತು. ದಾಖಲೆಯ ದೂರಕ್ಕೆ ಹೋದ ಅಂಬು ಬಿದ್ದ ಜಾಗದಲ್ಲಿ ಕಲ್ಲು ನಿಲ್ಲಿಸಿ, ಅದರ ಮೇಲೆ ಬಿಲ್ಲುಗಾರನ ಹೆಸರು ಕೆತ್ತಿಸುತ್ತಿದ್ದರು. ಯಾವ ಗಾಳಿಗೆ ಯಾವ ದಿಕ್ಕಿನಲ್ಲಿ ಎಸೆಯಬೇಕು ಎಂಬುದಕ್ಕೂ ಬೇರೆ ಬೇರೆ ಪಥಗಳಿದ್ದವು. 1790ರ ದಶಕದಲ್ಲಿ ಲಂಡನ್ನಿನಲ್ಲಿದ್ದ ತುರ್ಕಿ ರಾಯಭಾರ ಕಚೇರಿಯ ಕಾರ್ಯದರ್ಶಿ ಮಹಮೂದ್ ಎಫೆಂದಿ ಅಲ್ಲಿನ ಬಿಲ್ಲುಗಾರರ ಎದುರು 482 ಗಜ ಹಾರಿಸಿ ತೋರಿಸಿದ. ತಮ್ಮ ಉದ್ದಬಿಲ್ಲಿನ ಬಗ್ಗೆ ಬಹಳ ಹೆಮ್ಮೆಯಿದ್ದ ಇಂಗ್ಲಿಷರು ಆ ಅಳತೆಯನ್ನು ಎಷ್ಟೋ ಕಾಲ ಮರೆಯಲಿಲ್ಲ. 1798ರಲ್ಲಿ ಸುಲ್ತಾನ ಮೂರನೇ ಸೆಲೀಮನ ಅಂಬು 972 ಗಜ ಹೋಯಿತು ಎಂಬ ದಾಖಲೆಯೂ ಇದೆ. ನಮ್ಮ ಬೆಳಗಾವಿ ಕೋಟೆಯ ಉದ್ದ ಹೆಚ್ಚುಕಡಿಮೆ ಸಾವಿರ ಗಜ. ಒಂದು ತುದಿಯಲ್ಲಿ ನಿಂತು ಬಿಟ್ಟ ಅಂಬು ಆಚೆ ಕಡೆಯ ಕಂದಕದ ಹತ್ತಿರ ಬಿದ್ದಂತೆ ಅಂದುಕೊಳ್ಳಿ.

ನಮ್ಮಲ್ಲೂ ಬಿಲ್ಲುಗಾರರಿಗೆ ಕಲ್ಲು ನಿಲ್ಲಿಸಿದ್ದಾರೆ, ಊರೂರಿಗೆ ನಿಲ್ಲಿಸಿದ್ದಾರೆ. ವೀರಗಲ್ಲುಗಳಲ್ಲಿ ಬಿಲ್ಲು ಹಿಡಿದವರಿಗೂ ಬರವಿಲ್ಲ, ಮೈಗೆ ಅಂಬು ನೆಟ್ಟವರಿಗೂ ಬರವಿಲ್ಲ. ಆದರೆ ನಮ್ಮ ಕಲ್ಲು ನಿಂತದ್ದು ಆಳು ಬಿದ್ದ ಕಾರಣಕ್ಕೆ, ಅವರ ಕಲ್ಲು ನಿಂತದ್ದು ಅಂಬು ಬಿದ್ದ ಕಾರಣಕ್ಕೆ. ನಾವು ಅಂಬಿನಿಂದ ಬಯಸಿದ ಕೆಲಸವೇ ಬೇರೆಯಾಗಿತ್ತು. ತುರುಗಳ್ಳರನ್ನು ತಡೆಯಬೇಕಿತ್ತು, ಹಂದಿ ಹೊಡೆಯಬೇಕಿತ್ತು, ಗುರಾಣಿ ತೂರಬೇಕಿತ್ತು.

ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸ್ ಕಂಡದ್ದನ್ನು ಆಧರಿಸಿ ಆರಿಯನ್ ಬರೆದ ವಿವರ ನೋಡಿ. ಭಾರತೀಯರ ಬಿಲ್ಲು ಆಳೆತ್ತರ, ಅದನ್ನು ನೆಲಕ್ಕೆ ಊರಿ ಎಡಗಾಲಿನಿಂದ ಒತ್ತಿ ಎಳೆಯುತ್ತಾರೆ, ಅಂಬು ಮೂರು ಮೊಳಕ್ಕೆ ಸ್ವಲ್ಪ ಕಡಿಮೆ, ಅದನ್ನು ತಡೆಯುವ ಗುರಾಣಿಯಾಗಲಿ ಎದೆಕವಚವಾಗಲಿ ಇಲ್ಲ. ಮೂರು ಮೊಳದ ಅಂಬು ದೂರ ಹಾರಲು ಮಾಡಿದ್ದಲ್ಲ, ಹೊಕ್ಕಲು ಮಾಡಿದ್ದು. ಕೌಟಿಲ್ಯನ ಆಯುಧಾಗಾರದ ಅಧ್ಯಾಯದಲ್ಲಿ ತಾಳೆ, ಬಿದಿರು, ಮರ, ಕೊಂಬು ಎಂದು ನಾಲ್ಕು ಬಗೆಯ ಬಿಲ್ಲುಗಳಿವೆ. ಅಂಬಿನ ಪಟ್ಟಿ ಶುರುವಾಗುವುದೇ ಬಿದಿರು ಮತ್ತು ಜೊಂಡಿನಿಂದ. ಮೊನೆಗೆ ಕಬ್ಬಿಣ, ಎಲುಬು, ಮರ. ಅಲ್ಲೂ ಕೇಳುವ ಪ್ರಶ್ನೆ ಕತ್ತರಿಸುವುದು, ಭೇದಿಸುವುದು, ಬಡಿಯುವುದು ಹೇಗೆ ಎಂದು, ಎಷ್ಟು ದೂರ ಎಂದಲ್ಲ.

ಕರ್ನಾಟಕದ ಚರಿತ್ರೆಯಲ್ಲಿ ಬಿಲ್ಲಿನ ಬಗ್ಗೆ ಒಂದು ರಾಜ್ಯವೇ ಗಂಭೀರವಾಗಿ ಯೋಚಿಸಿದ ಗಳಿಗೆ ವಿಜಯನಗರದ ಇಮ್ಮಡಿ ದೇವರಾಯನದು. ಬಿಜಾಪುರದಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿ ಕೂತು ಇತಿಹಾಸ ಬರೆದ ಫೆರಿಷ್ತಾ ಇದನ್ನು ಹೇಳುತ್ತಾನೆ. ಬಹಮನಿಗಳ ಮುಂದೆ ನಾವು ಸೋಲುವುದೇಕೆ ಎಂದು ದೇವರಾಯ ಸಭೆಯಲ್ಲಿ ಕೇಳಿದನಂತೆ. ಅವರ ಕುದುರೆ ಮೇಲು, ಅವರ ಬಿಲ್ಲುಗಾರರು ಮೇಲು ಎಂಬ ಉತ್ತರ ಬಂತು. ಅವನು ಮುಸಲ್ಮಾನ ಬಿಲ್ಲುಗಾರರನ್ನು ಜಾಗೀರು ಕೊಟ್ಟು ಸೇರಿಸಿಕೊಂಡ, ತನ್ನ ಸೈನಿಕರಿಗೆ ಆ ವಿದ್ಯೆ ಕಲಿಸಲು ಹಚ್ಚಿದ. ಎರಡು ಸಾವಿರ ಮುಸಲ್ಮಾನ, ಅರವತ್ತು ಸಾವಿರ ಹಿಂದೂ ಬಿಲ್ಲುಗಾರರು ತಯಾರಾದರು ಎಂದು ಫೆರಿಷ್ತಾನ ಲೆಕ್ಕ. ಆಸ್ಥಾನದ ಇತಿಹಾಸಕಾರರ ಸೊನ್ನೆಗಳನ್ನು ನಾನು ಪೂರ್ತಿ ನಂಬುವವನಲ್ಲ. ಆದರೂ ಅರವತ್ತು ಸಾವಿರದಲ್ಲಿ ಹತ್ತರಲ್ಲೊಂದು ಪಾಲು ನಿಜವಾಗಿದ್ದರೂ, ತಲೆಗೊಂದು ಬತ್ತಳಿಕೆಯೆಂದರೆ ಲಕ್ಷಗಟ್ಟಲೆ ಕಡ್ಡಿ. ಅಷ್ಟು ಕಡ್ಡಿ ಕಡಿದವರು, ಒಣಗಿಸಿದವರು, ನೆಟ್ಟಗೆ ಮಾಡಿದವರು ಯಾರು? ಅವರ ಹೆಸರು ಯಾವ ತವಾರೀಖಿನಲ್ಲೂ ಇಲ್ಲ.

ದೂರದ ಅಂಬಿನ ಬಗ್ಗೆ ನಮ್ಮ ಶಾಸ್ತ್ರ ಪೂರ್ತಿ ಮೌನವಾಗಿಲ್ಲ. ವಸಿಷ್ಠನ ಹೆಸರಿನಲ್ಲಿರುವ ಧನುರ್ವೇದ ಸಂಹಿತೆಯಲ್ಲೂ 14ನೇ ಶತಮಾನದ ಶಾರ್ಙ್ಗಧರ ಪದ್ಧತಿಯಲ್ಲೂ ಅಂಬಿನ ಕಡ್ಡಿಯ ಲಕ್ಷಣ ಬರುತ್ತದೆ. ತೀರ ದಪ್ಪ ಬೇಡ, ತೀರ ತೆಳು ಬೇಡ. ಎಳಸು ಬೇಡ. ಕೆಟ್ಟ ನೆಲದಲ್ಲಿ ಬೆಳೆದದ್ದು, ಗೆಣ್ಣು ಊನವಾದದ್ದು, ಸೀಳಿದ್ದು ಬೇಡ. ಚೆನ್ನಾಗಿ ಬಲಿತು ಬಿಳಿಹಳದಿ ಬಣ್ಣಕ್ಕೆ ತಿರುಗಿದ, ಸಕಾಲದಲ್ಲಿ ಕಡಿದ, ಗಟ್ಟಿಯಾದ ದುಂಡನೆಯ ಕಡ್ಡಿ ಬೇಕು. ಉದ್ದ ಎರಡು ಮೊಳಕ್ಕೆ ಒಂದು ಮುಷ್ಟಿ ಕಡಿಮೆ, ದಪ್ಪ ಕಿರುಬೆರಳಷ್ಟು. ಆಮೇಲೆ ಮೂರು ಜಾತಿ: ಮುಂದೆ ದಪ್ಪವಾದದ್ದು ಹೆಣ್ಣಂಬು, ಹಿಂದೆ ದಪ್ಪವಾದದ್ದು ಗಂಡಂಬು, ಉದ್ದಕ್ಕೂ ಸಮವಾದದ್ದು ನಪುಂಸಕ. ಹೆಣ್ಣಂಬು ದೂರ ಹೋಗುತ್ತದೆ, ಗಂಡಂಬು ಗಟ್ಟಿಯಾದದ್ದನ್ನು ಭೇದಿಸುತ್ತದೆ, ಸಮವಾದದ್ದು ಗುರಿಗೆ ಒಳ್ಳೆಯದು. ಮುಂದೆ ದಪ್ಪಗಿದ್ದದ್ದು ಹೆಣ್ಣು ಯಾಕಾಯಿತು ಎಂದು ನನ್ನನ್ನು ಕೇಳಬೇಡಿ, ಶಾಸ್ತ್ರಕಾರರನ್ನೇ ಕೇಳಬೇಕು. ನನಗೆ ಮುಖ್ಯವಾದದ್ದು ಆ ಒಂದು ಮಾತು: ದೂರ ಹೋಗಬೇಕಾದರೆ ಮುಂದೆ ದಪ್ಪವಿರಲಿ. ಅದು ನಿಜವೇ, ಯಾಕೆ ನಿಜ, ಯಾವ ಕಡ್ಡಿಗೆ ನಿಜ ಎಂಬುದಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ಸ್ವಲ್ಪ ಲೆಕ್ಕ ಮಾಡಬೇಕು. ಪೇಟೆಯವರ ಎದುರು ಲೆಕ್ಕ ಮಾಡಲು ಸಂಕೋಚ ಬೇಕಿಲ್ಲವಲ್ಲ.

ಗಾಳಿಯೇ ಇಲ್ಲದ ಲೋಕದಲ್ಲಿ ಸೆಕೆಂಡಿಗೆ 60 ಮೀಟರ್ ವೇಗದ ಅಂಬನ್ನು 45 ಡಿಗ್ರಿಗೆ ಎತ್ತಿ ಬಿಟ್ಟರೆ 367 ಮೀಟರ್ ಹೋಗುತ್ತದೆ. 70 ಮೀಟರ್ ವೇಗವಾದರೆ ಹತ್ತಿರ ಹತ್ತಿರ 500. ವೇಗ ಸ್ವಲ್ಪ ಏರಿದರೆ ದೂರ ಬಹಳ ಏರುತ್ತದೆ. ಹಾಗಾದರೆ ಅಂಬು ಹಗುರವಾದಷ್ಟೂ ಒಳ್ಳೆಯದಲ್ಲವೇ? ಅಲ್ಲ. ಬಿಲ್ಲು ತಾನು ಕೂಡಿಟ್ಟ ಶಕ್ತಿಯನ್ನೆಲ್ಲ ಅಂಬಿಗೆ ಕೊಡುವುದಿಲ್ಲ. ತನ್ನ ತೋಳುಗಳನ್ನೂ ಹೆದೆಯನ್ನೂ ಮುಂದೆ ಒಯ್ಯಲು ಒಂದಷ್ಟು ಖರ್ಚು ಮಾಡುತ್ತದೆ. ತುರ್ಕಿ ಬಿಲ್ಲುಗಾರಿಕೆಯ ಬಗ್ಗೆ 1934ರಲ್ಲಿ ಪುಸ್ತಕ ಬರೆದ ಅಮೆರಿಕದ ಭೌತವಿಜ್ಞಾನಿ ಪಾಲ್ ಕ್ಲಾಪ್‌ಸ್ಟೆಗ್ ಇದನ್ನು ಲೆಕ್ಕಕ್ಕೆ ಇಳಿಸಿದವರು. ಪ್ರತಿ ಅಂಬಿನ ಜೊತೆಗೂ ಕಣ್ಣಿಗೆ ಕಾಣದ ಇನ್ನೊಂದು ತೂಕ ಹೊರಡುತ್ತದೆ ಎಂದುಕೊಳ್ಳಿ ಎಂದರು ಅವರು. ತಕ್ಕಡಿಯ ತಟ್ಟೆಗೂ ತೂಕವಿರುತ್ತದಲ್ಲ, ಹಾಗೆ. ನಿಮ್ಮ ಬಿಲ್ಲಿನ ಆ ಕಾಣದ ತೂಕ 10 ಗ್ರಾಂ ಎನ್ನೋಣ. 20 ಗ್ರಾಮಿನ ಅಂಬನ್ನು 10 ಗ್ರಾಮಿಗೆ ಇಳಿಸಿದರೆ ವೇಗ ನೂರಕ್ಕೆ 22ರಷ್ಟು ಏರುತ್ತದೆ, ಇದು ಲಾಭದ ವ್ಯಾಪಾರ. ಅದನ್ನು ಮತ್ತೆ ಅರ್ಧ ಮಾಡಿ 5 ಗ್ರಾಮಿಗೆ ಇಳಿಸಿದರೆ ಏರುವುದು 15ರಷ್ಟು ಮಾತ್ರ. ಆದರೆ ಅಷ್ಟೇ ಗಾತ್ರದ ಅರ್ಧ ತೂಕದ ಅಂಬನ್ನು ಗಾಳಿ ಎರಡು ಪಟ್ಟು ಬೇಗ ನಿಧಾನಿಸುತ್ತದೆ. ಅದರ ಮೇಲೆ, ಅಂಬು ಒಯ್ಯದ ಶಕ್ತಿಯನ್ನೆಲ್ಲ ಬಿಲ್ಲೇ ನುಂಗಬೇಕು, ಒಂದು ದಿನ ಅದು ಕೈಯಲ್ಲೇ ಸಿಡಿಯುತ್ತದೆ.

ಹಾಗಾಗಿ ಪ್ರತಿ ಬಿಲ್ಲಿಗೂ ಅದಕ್ಕೇ ಸರಿಯಾದ ಒಂದು ತೂಕವಿದೆ. ಯಾವ ಮರ ಶ್ರೇಷ್ಠ ಎಂದು ಕೇಳುವವರು ಈ ಮೊದಲ ಮೆಟ್ಟಿಲನ್ನೇ ದಾಟಿ ಹೋಗುತ್ತಾರೆ.

ಎರಡನೆಯದು ಬಿರುಸು, ಅಂದರೆ ಕಡ್ಡಿ ಎಷ್ಟರಮಟ್ಟಿಗೆ ಬಾಗದೆ ನಿಲ್ಲುತ್ತದೆ ಎಂಬುದು. ಹೆದೆ ಬಿಟ್ಟ ಕ್ಷಣ ಅಂಬು ನೆಟ್ಟಗೆ ಹೋಗುವುದಿಲ್ಲ, ಬಿಲ್ಲಿನ ಹಿಡಿಯನ್ನು ಬಳಸಿಕೊಂಡು ಹಾವಿನಂತೆ ಬಳುಕಿ ಹೋಗುತ್ತದೆ. ಕಣ್ಣಿಗೆ ಕಾಣದ ಈ ಬಳುಕನ್ನು 1930ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಚಿತ್ರೀಕರಣದಲ್ಲಿ ಹಿಡಿದು ತೋರಿಸಿದರು. ಬಿಲ್ಲಿನ ಬಲಕ್ಕೆ ಹೊಂದುವಷ್ಟು ಬಳುಕಿದರೆ ಅಂಬು ಹಿಡಿಗೆ ತಾಗದೆ ಜಾರಿ ಬೇಗ ನೆಟ್ಟಗಾಗುತ್ತದೆ. ಹೆಚ್ಚು ಬಳುಕಿದರೆ ಹಾರುವಾಗಲೂ ಅಲುಗುತ್ತ ಗಾಳಿಗೆ ಮೈಯೊಡ್ಡುತ್ತದೆ. ದೂರದ ಅಂಬಿಗೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ. ಇದನ್ನು ಅಳೆಯಲು ಯಂತ್ರ ಬೇಡ. ಎರಡು ಮೊಳೆಗಳನ್ನು 26 ಇಂಚು ಅಂತರದಲ್ಲಿ ಗೋಡೆಗೆ ಹೊಡೆದು ಕಡ್ಡಿ ಇಡಿ, ನಡುವೆ ಎರಡು ಪೌಂಡ್, ಅಂದರೆ 907 ಗ್ರಾಂ ತೂಕ ತೂಗಿಬಿಡಿ. ಅರ್ಧ ಇಂಚಿನಷ್ಟು ಜಗ್ಗಿದರೆ ಅದು ಸುಮಾರು 50 ಪೌಂಡ್ ಎಳೆತದ ಬಿಲ್ಲಿನ ಕಡ್ಡಿ. ಅಂಬು ಗಿಡ್ಡವಾದರೆ ಬಿರುಸು ತಾನಾಗಿ ಬಹಳ ಹೆಚ್ಚುತ್ತದೆ, ತೂಕವೂ ಇಳಿಯುತ್ತದೆ. ಅದಕ್ಕೇ ತುರ್ಕರು ಎಡಗೈಗೆ ಸಿಪೆರ್ ಎಂಬ ಸಣ್ಣ ತೊಟ್ಟಿಲು ಕಟ್ಟಿಕೊಂಡು, ಅಂಬಿನ ಮೊನೆಯನ್ನು ಹಿಡಿಗಿಂತ ಒಳಗೆ ಎಳೆಯುತ್ತಿದ್ದರು.

ಈಗ ಸಾಮಗ್ರಿಗೆ ಬರೋಣ. ತುರ್ಕರು ಮಾಡಿದ್ದು ಪೈನ್ ಮರದಲ್ಲಿ. ನಡುವೆ ತುಸು ಉಬ್ಬಿ ಎರಡೂ ತುದಿಗೆ ಸಣ್ಣಗಾಗುವ ಆಕಾರ. ಬಳುಕುವುದು ನಡುವೆ, ಆದ್ದರಿಂದ ದಪ್ಪವೂ ಅಲ್ಲೇ ಇರಲಿ, ಉಳಿದ ಕಡೆ ತೂಕ ಯಾಕೆ ಎಂಬ ಯುಕ್ತಿ. ಯುರೋಪು ಅಮೆರಿಕಗಳಲ್ಲಿ ಸ್ಪ್ರೂಸ್ ಮತ್ತು ಸೀಡರ್ ಹೆಸರಾದವು. ಅವು ತೂಕಕ್ಕೆ ಹಗುರ, ಆ ಹಗುರಕ್ಕೆ ಆಶ್ಚರ್ಯವಾಗುವಷ್ಟು ಬಿರುಸು. ನಮ್ಮ ತೇಗ, ಬೀಟೆ, ಮತ್ತಿಗಳನ್ನು ಬೇರೆ ಎಷ್ಟು ಹೊಗಳಿದರೂ ಸಾಲದು, ಆದರೆ ದೂರದ ಅಂಬಿಗೆ ಅವು ಭಾರ.

ಬಿದಿರನ್ನು ಸ್ಪ್ರೂಸ್ ಜೊತೆ ಹೋಲಿಸಿ ನೋಡಿದೆ. ಎರಡಕ್ಕೂ ಒಂದೇ ಬಿರುಸು ಬರುವಂತೆ ಕಡ್ಡಿ ಕೆತ್ತಿದರೆ ಬಿದಿರಿನದು ನೂರಕ್ಕೆ 30ರಷ್ಟು ಹೆಚ್ಚು ತೂಗುತ್ತದೆ, ಆದರೆ ದಪ್ಪ 12ರಷ್ಟು ಕಡಿಮೆ. ಗಾಳಿಗೆ ಎದುರಾಗುವ ಮುಖ ಅಷ್ಟರಮಟ್ಟಿಗೆ ಚಿಕ್ಕದು. ಶುರುವಿನ ವೇಗದಲ್ಲಿ ಸೋಲುತ್ತದೆ, ವೇಗ ಉಳಿಸಿಕೊಳ್ಳುವುದರಲ್ಲಿ ಗೆಲ್ಲುತ್ತದೆ. ನಮ್ಮ ಕಡೆಯ ಬಿದಿರಿನ ಬಿಲ್ಲಿಗೆ ತೋಳು ಉದ್ದ, ಚಲನೆ ನಿಧಾನ, ಅದರ ಕಾಣದ ತೂಕವೂ ಹೆಚ್ಚು. ಅಂಥ ಬಿಲ್ಲಿನಿಂದ ಅತಿ ಹಗುರದ ಅಂಬು ಬಿಟ್ಟು ಪ್ರಯೋಜನವಿಲ್ಲ. ಅದಕ್ಕೆ ಬಿದಿರೇ ಸರಿ. ಕೊಂಬು ನರದ ಗಿಡ್ಡ ಬಿಲ್ಲು ಕೈಯಲ್ಲಿದ್ದರೆ ಪೈನ್ ಹುಡುಕಿಕೊಂಡು ಹೋಗಿ, ನಾನು ತಡೆಯುವುದಿಲ್ಲ. ಬಿದಿರಿನ ಬಿಲ್ಲಿಗೆ ಬಿದಿರಿನ ಅಂಬು ಎಂದ ಹಿಂದಿನವರು ಬಡತನದಿಂದ ಹಾಗೆ ಮಾಡಿದರು ಎನ್ನುವವರಿಗೆ ಈ ಲೆಕ್ಕ ಉತ್ತರ.

ಇನ್ನೂ ಒಂದು ಲೆಕ್ಕ ಹೇಳಿ ಮುಗಿಸುತ್ತೇನೆ, ಆಮೇಲೆ ಕಾಡಿಗೆ ಹೋಗೋಣ. ಒಂದು ದುಂಡನೆಯ ಕಡ್ಡಿಯ ನಡುವೆ, ಅದರ ವ್ಯಾಸದ ಹತ್ತರಲ್ಲಿ ನಾಲ್ಕು ಪಾಲು ಅಗಲದ ತೂತು ಕೊರೆದರೆ ತೂಕ ನೂರಕ್ಕೆ 16 ಇಳಿಯುತ್ತದೆ. ಬಿರುಸು ಇಳಿಯುವುದು ಮೂರಕ್ಕಿಂತ ಕಡಿಮೆ. ಮರದ ಕಡ್ಡಿಗೆ ಹೀಗೆ ಉದ್ದಕ್ಕೂ ತೂತು ಕೊರೆಯುವ ಬಡಗಿ ಇನ್ನೂ ಹುಟ್ಟಿಲ್ಲ. ಸಣ್ಣ ಬಿದಿರು ಮಾತ್ರ ಹಾಗೆಯೇ ಬೆಳೆಯುತ್ತದೆ. ಅಷ್ಟೇ ಅಲ್ಲ, ಬಿದಿರಿನ ಬಿಗಿ ನಾರು ಹೊರಸಿಪ್ಪೆಯ ಕಡೆ ದಟ್ಟವಾಗಿ, ಒಳಗೆ ಹೋದಂತೆ ವಿರಳವಾಗಿರುತ್ತದೆ. ಬಿರುಸಿಗೆ ಬೇಕಾದ್ದು ಬೇಕಾದ ಕಡೆಯೇ ಇದೆ. ಜಪಾನೀಯರು ಇದನ್ನು ಚೆನ್ನಾಗಿ ಬಲ್ಲರು. ಕ್ಯೋತೋದ ಸಂಜೂಸಾಂಗೆನ್‌ದೋ ಗುಡಿಯ ಸುಮಾರು 120 ಮೀಟರ್ ಉದ್ದದ ಪಡಸಾಲೆಯಲ್ಲಿ, ತಗ್ಗಿನ ಸೂರಿಗೆ ತಾಗದಂತೆ ಒಂದು ತುದಿಯಿಂದ ಇನ್ನೊಂದು ತುದಿಗೆ ಅಂಬು ದಾಟಿಸುವ ಪಂದ್ಯವಿತ್ತು. 1686ರಲ್ಲಿ ವಾಸಾ ದೈಹಾಚಿರೋ ಎಂಬ ತರುಣ ಒಂದು ಹಗಲು ಒಂದು ರಾತ್ರಿಯಲ್ಲಿ 13,053 ಅಂಬು ಬಿಟ್ಟು 8,133 ದಾಟಿಸಿದ. ಎಲ್ಲ ಬಿದಿರಿನವು, ಇಡೀ ಸಣ್ಣ ಗಳದ ಅಂಬುಗಳು. ಒಂದು ಜೊತೆಯ ಅಂಬುಗಳಲ್ಲಿ ಗೆಣ್ಣುಗಳು ಒಂದೇ ಅಂತರಕ್ಕೆ ಬರುವಂತೆ ಅವರು ಇಂದಿಗೂ ಆರಿಸುತ್ತಾರೆ.

ಖಾನಾಪುರ ತಾಲೂಕಿನ ಪಡುವಣ ಭಾಗ, ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ, ಘಟ್ಟದ ಮಳೆಯ ಸೀಮೆ. ಮೂಡಣಕ್ಕೆ ಬಂದಂತೆ ಒಣಗಾಡು. ಬಿದಿರೂ ಹಾಗೇ ಬದಲಾಗುತ್ತದೆ. ತೇವವಿದ್ದಲ್ಲಿ ಮುಳ್ಳಿನ ಹೆಬ್ಬಿದಿರು, ಒಳಗೆ ದೊಡ್ಡ ಟೊಳ್ಳು. ಒಣ ಇಳಿಜಾರಿನಲ್ಲಿ ಕಿರುಬಿದಿರು, ಕೆಲವು ಕಡೆ ಟೊಳ್ಳೇ ಇಲ್ಲದಷ್ಟು ಗಟ್ಟಿ. ಬ್ರಿಟಿಷ್ ಕುದುರೆ ಪಡೆಯ ಈಟಿಗೂ ಪೊಲೀಸರ ಲಾಠಿಗೂ ಹೋದದ್ದು ಈ ಜಾತಿಯೇ. ಬಿಲ್ಲಿಗೆ ಇದು ಒಳ್ಳೆಯದು. ಅಂಬಿಗೆ ಇದರ ತುದಿಯ ತೆಳು ಗಳ, ಇಲ್ಲವೇ ಮೆಳೆಯ ಒತ್ತಿನಲ್ಲಿ ಸಣ್ಣಗೆ ನೆಟ್ಟಗೆ ಬೆಳೆದ ಗಳ ಆಗಬಹುದು. ಹೆಬ್ಬಿದಿರಿನಿಂದಾದರೆ ಗೋಡೆಯನ್ನು ಸೀಳಿ ಕಡ್ಡಿ ಕೆತ್ತಬೇಕು.

ಬಿದಿರು ನೆಲದಿಂದ ಏಳುವಾಗಲೇ ತನ್ನ ಪೂರ್ತಿ ದಪ್ಪ ಹೊತ್ತುಕೊಂಡೇ ಏಳುತ್ತದೆ. ಆಮೇಲೆ ದಪ್ಪವಾಗುವುದಿಲ್ಲ, ಬಲಿಯುತ್ತದೆ ಅಷ್ಟೆ. ಆದ್ದರಿಂದ ಗಾತ್ರ ನೋಡಿ ವಯಸ್ಸು ಹೇಳಲು ಬರುವುದಿಲ್ಲ. ಇಲ್ಲಿ ಬೇಕಾಗುವುದು ಮೇದಾರರ ಕಣ್ಣು. ಖಾನಾಪುರದ ಹಿರಿಯರೊಬ್ಬರ ಅಂಗಳದಲ್ಲಿ ನಾನು ಮೆಚ್ಚಿ ಎತ್ತಿಕೊಂಡ ಗಳವನ್ನು ಅವರು ಬೆರಳಲ್ಲಿ ಬಡಿದು ನೋಡಿ ಬದಿಗಿಟ್ಟರು. "ಇದು ಇನ್ನೂ ಎಳೇದೈತ್ರಿ. ಬೂದಿ ಹೋಗಿಲ್ಲ ನೋಡ್ರಿ." ಗೆಣ್ಣಿನ ಕೆಳಗೆ ಬಿಳಿ ಬೂದಿಯಂಥ ಲೇಪ ಇನ್ನೂ ಇತ್ತು. ವರ್ಷದ ಗಳಕ್ಕೆ ಈ ಬೂದಿಯೂ, ಗೆಣ್ಣಿಗೆ ಅಂಟಿದ ಹೊದಿಕೆಯೂ ಇರುತ್ತದೆ. ಮೂರು ನಾಲ್ಕು ವರ್ಷದ್ದಾದರೆ ಮೈ ಮೇಲೆ ಕಲೆ ಕಟ್ಟಿ, ಬಡಿದರೆ ಖಣ್ ಎನ್ನುತ್ತದೆ. ಅಂಬಿಗೆ ಅದು. ಎಳೆಯದು ಒಣಗಿದಾಗ ಸುಕ್ಕಾಗುತ್ತದೆ, ತೀರ ಹಳೆಯದು ಬೆಂಡಾಗಿ ಮುರಿಯುತ್ತದೆ.

ಕಡಿಯುವ ಕಾಲದ ಬಗ್ಗೆ ಅವರ ಲೆಕ್ಕ ಮಳೆ ಮುಗಿದ ಮೇಲೆ, ಕತ್ತಲ ಪಕ್ಷದಲ್ಲಿ. ಕತ್ತಲ ಪಕ್ಷದ ಮಾತನ್ನು ಅವರಿಗೇ ಬಿಡುತ್ತೇನೆ. ಮಳೆ ಮುಗಿದ ಮೇಲೆ ಎಂಬುದಕ್ಕೆ ಕಾರಣ ಗಟ್ಟಿಯಾಗಿದೆ. ಮಳೆಗಾಲದಲ್ಲಿ ಮೆಳೆ ತನ್ನ ಹಿಟ್ಟಿನ ಅಂಶವನ್ನೆಲ್ಲ ಕಳಲೆ ಎಬ್ಬಿಸಲು ಖರ್ಚು ಮಾಡಿರುತ್ತದೆ, ಬಿದಿರು ಕೊರೆಯುವ ಹುಳಕ್ಕೆ ತಿನ್ನಲು ಉಳಿಯುವುದು ಕಡಿಮೆ. ಸಕಾಲದಲ್ಲಿ ಕಡಿದದ್ದು ಎಂದು ಧನುರ್ವೇದ ಹೇಳಿದ್ದಕ್ಕೂ ಖಾನಾಪುರದ ಅಂಗಳದ ಮಾತಿಗೂ ವ್ಯತ್ಯಾಸ ಬಹಳವಿಲ್ಲ. ಕಡಿದ ಗಳವನ್ನು ಕೆಲವು ವಾರ ನೀರಲ್ಲಿ ಮುಳುಗಿಸಿಟ್ಟು, ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸಿ, ಕೆಂಡದ ಮೇಲೆ ಹದವಾಗಿ ಕಾಯಿಸಿ ನೆಟ್ಟಗೆ ಮಾಡಬೇಕು. ಬಿಸಿಗೆ ಮೆತ್ತಗಾದ ಬಿದಿರು ಆರಿದಾಗ ನಿಂತಂತೆ ನಿಲ್ಲುತ್ತದೆ. ಮೊರದ ಅಂಚು ಬಗ್ಗಿಸುವ ಕೈಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಅದೇ ಕೆಲಸ ತಿರುವುಮುರುವು.

ಹೆಣ್ಣಂಬಿನ ಮಾತಿಗೆ ಈಗ ಬರುತ್ತೇನೆ. ಇಡೀ ಗಳವನ್ನು ತುರ್ಕಿ ಅಂಬಿನಂತೆ ನಡು ಉಬ್ಬಿಸಿ ಕೆತ್ತಿದರೆ ಎರಡೂ ತುದಿಯಲ್ಲಿ ಸಿಪ್ಪೆ ಹೋಗುತ್ತದೆ, ಸಿಪ್ಪೆ ಹೋದರೆ ಬಿಗಿ ಹೋಯಿತು. ಗಳ ಹುಟ್ಟಿದ ಹಾಗೆಯೇ ಬುಡಕ್ಕೆ ದಪ್ಪ, ತುದಿಗೆ ಸಣ್ಣ. ಬುಡವನ್ನು ಮುಂದೆ ಮಾಡಿದರೆ ತೂಕದ ಮಧ್ಯಬಿಂದು ಮುಂದೆ ಸರಿಯುತ್ತದೆ, ಬಾಲ ಹಗುರವಾಗುತ್ತದೆ. ಹಾಗಾದಾಗ ಚಿಕ್ಕ ಗರಿಯೇ ಅಂಬನ್ನು ನೆಟ್ಟಗೆ ಹಿಡಿಯುತ್ತದೆ, ಗಾಳಿಗೆ ಕೊಡುವ ಸುಂಕ ಉಳಿಯುತ್ತದೆ. ಮೊನೆಗೆ ಕಬ್ಬಿಣದ ಭಾರವೂ ಬೇಡ, ಎಲುಬಿನದೋ ಕೊಂಬಿನದೋ ಸಣ್ಣ ಟೊಪ್ಪಿ ಸಾಕು. ಸೀಳಿ ಮಾಡಿದ ಕಡ್ಡಿಗೆ ಈ ನಿಯಮವಿಲ್ಲ, ಅದಕ್ಕೆ ತುರ್ಕಿ ಆಕಾರವೇ ಮೇಲು. ಆದರೆ ಸೀಳಿನ ಕಡ್ಡಿಯಲ್ಲಿ ಸಿಪ್ಪೆ ಒಂದೇ ಮಗ್ಗುಲಲ್ಲಿ ಉಳಿಯುವುದರಿಂದ ಅದು ಎಲ್ಲ ಕಡೆ ಒಂದೇ ಸಮ ಬಳುಕುವುದಿಲ್ಲ. ಹೆದೆಯ ಕಚ್ಚು ಕೊಯ್ಯುವಾಗ ಎಲ್ಲ ಅಂಬುಗಳಲ್ಲೂ ಸಿಪ್ಪೆ ಬಿಲ್ಲಿನ ಒಂದೇ ಬದಿಗೆ ಬರುವಂತೆ ನೋಡಿಕೊಳ್ಳಬೇಕು. ಶಾಸ್ತ್ರಕಾರರು ಜೊಂಡು ಮತ್ತು ಗಳ ಮುಂದಿಟ್ಟುಕೊಂಡು ಬರೆದರು, ಅವರ ಸಾಮಗ್ರಿಗೆ ಅವರ ಮಾತು ಸರಿ.

ಗರಿಯ ವಿಷಯ ಬೇಗ ಮುಗಿಸುತ್ತೇನೆ. ಗ್ರಂಥಗಳಲ್ಲಿ ಹದ್ದು, ಹಂಸ, ನವಿಲು, ಕ್ರೌಂಚ ಎಂದೆಲ್ಲ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ಆ ಆಸೆ ಬೇಡ. ಸಾಕಿದ ಬಾತಿನ ರೆಕ್ಕೆಯ ಗರಿ, ಟರ್ಕಿ ಕೋಳಿಯ ಗರಿ ಸಾಕು. ಮೂರು ಗರಿ, ಗಿಡ್ಡವಾಗಿ, ತಗ್ಗಾಗಿ ಕತ್ತರಿಸಿದ್ದು. ಮೂರೂ ಒಂದೇ ಮಗ್ಗುಲ ರೆಕ್ಕೆಯವು.

ಮಳೆ ಹೇಗೆ ಆಟ ಕೆಡಿಸುತ್ತದೆ ಎಂಬುದು ಇದಕ್ಕಿಂತ ಮುಖ್ಯ. ಬಿದಿರು ಗಾಳಿಯ ತೇವ ಕುಡಿಯುತ್ತದೆ. ಬೇಸಿಗೆಯಲ್ಲಿ 10 ಗ್ರಾಂ ತೂಗಿದ ಅಂಬು ಶ್ರಾವಣದಲ್ಲಿ 11ರ ಹತ್ತಿರ ಬರಬಹುದು, ಬಿರುಸು ಕೂಡ ಇಳಿಯುತ್ತದೆ. ಕೊಂಬು ನರದ ಬಿಲ್ಲಿಗಂತೂ ಅಂಟೇ ಸಡಿಲುತ್ತದೆ. ಹಾಗಾಗಿ ಮಾಘದಿಂದ ಚೈತ್ರದವರೆಗೆ ಈ ಆಟದ ಕಾಲ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ಕಡಲತೀರಕ್ಕಿಂತ ನೂರಕ್ಕೆ ಏಳರಷ್ಟು ತೆಳು. ಇಸ್ತಾಂಬುಲ್ಲಿಗಿಲ್ಲದ ಅನುಕೂಲ ನಮಗಿದೆ! ಅಮೆರಿಕದ ಬಿಲ್ಲುಗಾರರು ಇದಕ್ಕೂ ಎತ್ತರದ, ಸಾವಿರ ಮೀಟರು ದಾಟಿದ ಬಾನೆವಿಲ್ ಉಪ್ಪಿನ ಬಯಲಿಗೆ ಹೋಗಿ ದೂರ ಅಳೆಯುತ್ತಾರೆ.

ಜಾಗದ ಬಗ್ಗೆ ಎಚ್ಚರ. ವ್ಯಾಕ್ಸಿನ್ ಡಿಪೊ ಮೈದಾನಕ್ಕೆ ಬಿಲ್ಲು ಹಿಡಿದು ಹೋಗಬೇಡಿ, ಬೆಳಗಿನ ವಾಕಿಂಗಿನವರು ನನ್ನನ್ನು ಶಪಿಸುತ್ತಾರೆ. ಹತ್ತು ಗ್ರಾಮಿನ ಅಂಬು ಇಳಿಯುವಾಗಲೂ ಜೀವ ತೆಗೆಯಬಲ್ಲದು. ಬೈಲಹೊಂಗಲ, ಸವದತ್ತಿ ಕಡೆ ಜೋಳ, ಕಡಲೆ ಕಿತ್ತ ಮೇಲೆ ಎರೆಹೊಲ ಅರ್ಧ ಮೈಲಿ ಬರಿದಾಗಿ ಬಿದ್ದಿರುತ್ತದೆ. ಹೊಲದವರ ಒಪ್ಪಿಗೆ ಪಡೆದು, ಅಂಬು ಬೀಳುವ ಕಡೆ ಯಾರೂ ಇಲ್ಲ ಎಂದು ನೋಡಿಕೊಂಡು ಅಲ್ಲಿ ಎಸೆಯಬಹುದು. ತೊಂದರೆ ಒಂದೇ, ಬಿರಿದ ಎರೆಯ ಬಾಯಿಗೆ ಬಿದ್ದ ಅಂಬು ಮತ್ತೆ ಸಿಗುವುದಿಲ್ಲ. ಬಾಲಕ್ಕೆ ಗಾಢ ಬಣ್ಣ ಹಚ್ಚಿಕೊಳ್ಳಿ.

ಸಾಮಗ್ರಿ ಆರಿಸುವ ಮಾತು ಇಲ್ಲಿಗೆ ನಿಲ್ಲುವುದಿಲ್ಲ, ಯಾಕೆಂದರೆ ಆರಿಸಲು ಮೊದಲು ಬಿದಿರು ಇರಬೇಕು. ಶರಣ ಮೇದಾರ ಕೇತಯ್ಯನವರ ಕಥೆ ನಿಮಗೆ ಗೊತ್ತು. ಕಾಯಕಕ್ಕೆಂದು ಬಿದಿರು ಕಡಿಯುವಾಗ ಬಿದಿರೇ ಎದೆಗೆ ನೆಟ್ಟು ಅವರು ಹೋದರು ಎನ್ನುತ್ತಾರೆ. ಅವರ ಕಾಲಕ್ಕೆ ಮೆಳೆಗೂ ಮೇದಾರನಿಗೂ ನಡುವೆ ಯಾರೂ ಇರಲಿಲ್ಲ. 1950ರ ದಶಕದಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಬಂತು. ಅದಕ್ಕೆ ಕಾಡಿನ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಯಂತೆ ಸಿಗುತ್ತಿದ್ದಾಗ ಬುಟ್ಟಿ ಹೆಣೆಯುವವರು ಅದೇ ಬಿದಿರಿಗೆ ಅದರ ನೂರಾರು ಪಟ್ಟು ತೆರುತ್ತಿದ್ದರು ಎಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಬರೆದಿದ್ದಾರೆ. ಬಿದಿರು ಯಾಕೆ ಕಡಿಮೆಯಾಯಿತು ಎಂದು ಉತ್ತರ ಕನ್ನಡದ ಕಾಡುಗಳಲ್ಲಿ ಅವರು ಹುಡುಕಿದಾಗ ಕಂಡ ಕಾರಣ ನನಗೆ ಇಂದಿಗೂ ಪಾಠ. ಹಳ್ಳಿಯವರು ಗಳ ಕಡಿಯುವಾಗ ಮೆಳೆಯ ಬುಡದ ಮುಳ್ಳಿನ ಹೊದಿಕೆ ಹಾಗೇ ಬಿಡುತ್ತಿದ್ದರು. ಕಾರ್ಖಾನೆಯ ಕೂಲಿಗಳಿಗೆ ಆ ಮುಳ್ಳು ಸವರಿ ಬುಡ ಚೊಕ್ಕ ಮಾಡಲು ಹೇಳಲಾಗಿತ್ತು. ಮುಳ್ಳು ಹೋದ ಮೇಲೆ ಕಳಲೆ ದನಕ್ಕೂ ಕಾಡುಪ್ರಾಣಿಗೂ ಆಹಾರವಾಯಿತು, ಹೊಸ ಗಳ ಮೇಲೇಳಲಿಲ್ಲ.

ಈಗ ಖಾನಾಪುರದ ಕಾಡಿನ ಒಂದು ದೊಡ್ಡ ಭಾಗ 2011ರಿಂದ ಭೀಮಗಡ ವನ್ಯಜೀವಿ ಧಾಮ, ಅಲ್ಲಿ ಕಡಿಯುವ ಮಾತೇ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನ ಎಂದಿತು. ಕೇಂದ್ರದ ಭಾರತೀಯ ಅರಣ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರದ ಪಟ್ಟಿಯಿಂದ ತೆಗೆಯಿತು. ಈ ಬದಲಾವಣೆಯ ಸುದ್ದಿ ರೈತರಿಗೆ ಇನ್ನೂ ಸರಿಯಾಗಿ ತಲುಪಿಲ್ಲ.

ಮಾತು ಮುಗಿದ ಮೇಲೆ ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನೂ ಉತ್ತರಗಳನ್ನೂ ಇಲ್ಲಿ ಸೇರಿಸಿದ್ದೇನೆ.

ಕಾರ್ಬನ್ ಅಂಬು ಅಂಗಡಿಯಲ್ಲೇ ಸಿಗುವಾಗ ಇಷ್ಟೆಲ್ಲ ಯಾಕೆ ಎಂದು ತರುಣರೊಬ್ಬರು ಕೇಳಿದರು. ಬರೀ ದೂರವೇ ಬೇಕಿದ್ದರೆ ಕಾರ್ಬನ್ನೇ ಸರಿ. 1987ರಲ್ಲಿ ಡಾನ್ ಬ್ರೌನ್ ಹೊಸ ಕಾಲದ ಬಿಲ್ಲಿನಿಂದ 1,222 ಮೀಟರ್ ದಾಟಿದರು. ಹ್ಯಾರಿ ಡ್ರೇಕ್ 1971ರಲ್ಲಿ ಮಲಗಿ, ಕಾಲಿನಿಂದ ಒತ್ತುವ ಬಿಲ್ಲಿನಿಂದ 1,854 ಮೀಟರ್ ದಾಟಿಸಿದ್ದರು. ನಿಯಾರ್ಕಸ್ ಕಂಡ ಭಾರತೀಯರೂ ಕಾಲು ಬಳಸುತ್ತಿದ್ದರು ಎಂಬುದನ್ನು ನೆನೆದು ನನಗೆ ನಗು ಬಂತು. ಆದರೆ ಸಾಂಪ್ರದಾಯಿಕ ಬಿಲ್ಲಿನ ವರ್ಗದಲ್ಲಿ ಅಂಬೂ ಸಹಜ ಸಾಮಗ್ರಿಯದೇ ಆಗಿರಬೇಕು ಎಂಬುದು ಆಟದ ಮರ್ಯಾದೆ. ನಮ್ಮ ರಾಷ್ಟ್ರೀಯ ಪಂದ್ಯಗಳ ಇಂಡಿಯನ್ ರೌಂಡ್ ವಿಭಾಗದಲ್ಲಿ ಮಕ್ಕಳು ಬಿದಿರಿನ ಬಿಲ್ಲು ಹಿಡಿದೇ ನಿಲ್ಲುತ್ತಾರೆ. ಅಲ್ಲಿ ದೂರ 50 ಮತ್ತು 30 ಮೀಟರ್ ಮಾತ್ರ, ಅದಕ್ಕೆ ಸಮ ದಪ್ಪದ ಅಂಬು ಸಾಕು.

ಎರಡನೆಯ ಪ್ರಶ್ನೆ ಪೇಟೆಯ ವರ್ತಕರೊಬ್ಬರದು: ಮೇದಾರರಿಂದ ಕಡ್ಡಿ ಕೊಳ್ಳುವುದಾದರೆ ಯಾವ ಲೆಕ್ಕದಲ್ಲಿ ಕೊಳ್ಳಬೇಕು? ಡಜನ್ ಲೆಕ್ಕ ಬೇಡ ಎಂದೆ. ಒಂದು ಹೊರೆ ಗಳದಲ್ಲಿ ಅಂಬಿಗೆ ಬರುವುದು ಕೆಲವೇ, ಒಂದೇ ತೂಕ ಒಂದೇ ಬಿರುಸಿಗೆ ಹೊಂದುವ ಜೊತೆ ಸಿಗುವುದು ಅದರಲ್ಲೂ ಕಡಿಮೆ. ಆರಿಸಿ ಕೊಟ್ಟ ಕಡ್ಡಿಗೆ ಒಂದು ದರ, ಆರಿಸುವ ಕೆಲಸಕ್ಕೆ ಬೇರೆ ಕೂಲಿ ಎಂದು ಮೊದಲೇ ಮಾತಾಡಿಕೊಳ್ಳಿ. ಉಳಿದ ಗಳ ಅವರ ಬುಟ್ಟಿ ಮೊರಕ್ಕೆ ಹೋಗುತ್ತದೆ, ಹಾಳಾಗುವುದಿಲ್ಲ. ಖಾನಾಪುರದಲ್ಲಿ ಹೊಲ ಇದ್ದವರು ಈ ಮಳೆಗಾಲಕ್ಕೆ ಬದುವಿನಲ್ಲಿ ಕಿರುಬಿದಿರು ಹಚ್ಚಿದರೆ, ಐದಾರು ವರ್ಷಕ್ಕೆ ಕಡಿಯುವಂಥ ಗಳ ಸಿಗಲು ಶುರುವಾಗುತ್ತದೆ. ಬುಡಕ್ಕೆ ಮುಳ್ಳುಕಂಟಿಯ ಬೇಲಿ ಕಟ್ಟುವುದನ್ನು ಮಾತ್ರ ಮರೆಯಬೇಡಿ.